ಪಿಜಿಎ2311 ಬೇಕಾ, ಪಿಟಿ2257 ಸಾಕಾ?

ಎರಡೂ ಆಡಿಯೋ ವಾಲ್ಯೂಮ್ ಹೆಚ್ಚು-ಕಡಿಮೆ ಮಾಡುವ ಚಿಪ್‌ಗಳು. ಆಂಪ್ಲಿಫೈಯರ್ ನೀವೇ ಕಟ್ಟುತ್ತಿದ್ದರೆ ನನ್ನ ಓಟು ಪಿಜಿಎ2311ಗೆ. ವಾಲ್ಯೂಮ್ −95.5ರಿಂದ +31.5 ಡೆಸಿಬೆಲ್‌ವರೆಗೆ, ಅರ್ಧರ್ಧ ಡೆಸಿಬೆಲ್ ಹೆಜ್ಜೆಯಲ್ಲಿ ಹೋಗುತ್ತದೆ. ಅಂದರೆ ಸಿಗ್ನಲ್ ತಗ್ಗಿಸುವುದಷ್ಟೇ ಅಲ್ಲ, ಹೆಚ್ಚಿಸಲೂಬಹುದು. ಕೋಡ್‌ನಲ್ಲಿ ಚಿಪ್‌ಗೆ 192 ಕಳಿಸಿದರೆ ಸರಿಯಾಗಿ 0 ಡೆಸಿಬೆಲ್ (ಸಿಗ್ನಲ್ ಹೆಚ್ಚೂ ಆಗಲ್ಲ, ಕಡಿಮೆಯೂ ಆಗಲ್ಲ), 0 ಕಳಿಸಿದರೆ ಮ್ಯೂಟ್. ಜೀರೋ ಕ್ರಾಸಿಂಗ್ ಪಿನ್ (ಸಿಗ್ನಲ್ ಸೊನ್ನೆ ದಾಟುವಾಗ ವಾಲ್ಯೂಮ್ ಬದಲಾಗುವಂತೆ ಮಾಡುವ ಪಿನ್) ಹೈ ಮಾಡಲು ಮರೆಯಬೇಡಿ. ಮರೆತರೆ ನಾಬ್ ತಿರುಗಿಸುವಾಗ ಸ್ಪೀಕರ್‌ನಲ್ಲಿ ಟಿಕ್ ಟಿಕ್ ಕೇಳಿಸಬಹುದು. ತಲೆನೋವು ಪವರ್ ಸಪ್ಲೈದು: ಪ್ಲಸ್ 5, ಮೈನಸ್ 5 ವೋಲ್ಟ್ ಎರಡೂ ಬೇಕು. ದೊಡ್ಡ ಸಿಗ್ನಲ್ ಇದ್ದರೆ ±15 ವೋಲ್ಟ್‌ನಲ್ಲಿ ಓಡುವ ಪಿಜಿಎ2310 ನೋಡಿ.

ಪಿಟಿ2257ಗೆ ಇಷ್ಟೆಲ್ಲಾ ರಗಳೆ ಇಲ್ಲ. ಒಂದೇ ಸಪ್ಲೈ ಸಾಕು, ಕಂಟ್ರೋಲ್‌ಗೆ ಎರಡೇ ತಂತಿ. ಆದರೆ ಹೆಜ್ಜೆ 1 ಡೆಸಿಬೆಲ್. −79ರವರೆಗೆ ತಗ್ಗಿಸುತ್ತದೆ, ಹೆಚ್ಚಿಸುವುದಿಲ್ಲ. ಚಿಕ್ಕ ರೇಡಿಯೋಗೆ ಅಷ್ಟು ಸಾಕು, ಅಲ್ವಾ?