ಹಬ್ಬದ ಕೇಕ್ ಮೊದಲೇ ಮಾಡಿಡಲು: ಫ್ರಿಜ್ಜೋ, ಫ್ರೀಜರೋ, ಹೊರಗಿನ ಡಬ್ಬಿಯೋ?

ಹಬ್ಬದ ಹಿಂದಿನ ರಾತ್ರಿಯ ಗಡಿಬಿಡಿ ಬೇಡವೆಂದು ಕೇಕನ್ನು ಮೊದಲೇ ಮಾಡಿಟ್ಟುಕೊಳ್ಳುವವರಿಗೆ ನಾಲ್ಕು ದಾರಿಗಳಿವೆ: ಬೇಯಿಸಿದ ಕೇಕನ್ನು ಡಬ್ಬಿಯಲ್ಲಿ ಮುಚ್ಚಿ ಹೊರಗೇ ಇಡುವುದು, ಫ್ರಿಜ್ಜಿನಲ್ಲಿಡುವುದು, ಫ್ರೀಜರಿನಲ್ಲಿಡುವುದು, ಇಲ್ಲವೇ ಕಲಸಿದ ಹಿಟ್ಟನ್ನೇ ಬೇಯಿಸದೆ ಫ್ರೀಜರಿಗೆ ಸೇರಿಸುವುದು. ಒಂದೇ ಅಳತೆಯ ಬೆಣ್ಣೆ ಕೇಕನ್ನು ಈ ನಾಲ್ಕೂ ಬಗೆಯಲ್ಲಿ ಇಟ್ಟು ತಿಂದು ನೋಡಿದ ಮೇಲೆ ನಾನು ಬೇಯಿಸಿದ ಕೇಕನ್ನು ಫ್ರೀಜರಿನಲ್ಲಿಡುವ ಪಕ್ಷಕ್ಕೆ ಸೇರಿದ್ದೇನೆ.

ಎರಡು ದಿನಗಳ ಮಟ್ಟಿಗಾದರೆ ಹೊರಗಿಡುವುದೇ ಸಾಕು. ಗಾಳಿಯಾಡದ ಡಬ್ಬಿಯಲ್ಲಿಟ್ಟ ಕೇಕು ಮರುದಿನ ಇನ್ನಷ್ಟು ಹದವಾಗಿರುತ್ತದೆ. ಅದಕ್ಕಿಂತ ಹೆಚ್ಚು ದಿನ, ಅದರಲ್ಲೂ ಸೆಕೆಯಲ್ಲಿ, ಅದನ್ನು ನಂಬುವಂತಿಲ್ಲ.

ಫ್ರಿಜ್ಜು ಎಲ್ಲರಿಗೂ ಮೊದಲು ಹೊಳೆಯುವ ಉಪಾಯವಾದರೂ ಬೆಣ್ಣೆ ಕೇಕಿಗೆ ಅದು ಒಗ್ಗುವುದಿಲ್ಲ. ಬೇಯುವಾಗ ನೀರು ಹೀರಿ ಉಬ್ಬಿದ ಪಿಷ್ಟವು ತಣಿದ ಮೇಲೆ ನಿಧಾನವಾಗಿ ಮತ್ತೆ ಹರಳುಗಟ್ಟುತ್ತದೆ, ಕೇಕು ಬಿರುಸಾಗುವುದು ಮುಖ್ಯವಾಗಿ ಇದರಿಂದಲೇ. ಈ ಕ್ರಿಯೆ ಫ್ರಿಜ್ಜಿನ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊರಗಿಗಿಂತ ಬೇಗ ನಡೆಯುತ್ತದೆ, ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಬಹುಮಟ್ಟಿಗೆ ನಿಂತೇಹೋಗುತ್ತದೆ. ಜೊತೆಗೆ ಬೆಣ್ಣೆಯೂ ಹೆಪ್ಪುಗಟ್ಟುವುದರಿಂದ ಫ್ರಿಜ್ಜಿನಿಂದ ತೆಗೆದ ತುಂಡು ಬಾಯಲ್ಲಿ ಕರಗದೆ ಪುಡಿಪುಡಿಯಾಗುತ್ತದೆ. ಎಣ್ಣೆ ಹಾಕಿದ ಕೇಕು ಈ ವಿಷಯದಲ್ಲಿ ಎಷ್ಟೋ ಮೇಲು, ಏಕೆಂದರೆ ಎಣ್ಣೆ ಆ ತಂಪಿಗೂ ದ್ರವವಾಗಿಯೇ ಉಳಿಯುತ್ತದೆ. ಹಾಲಿನ ಕೆನೆ, ಕಸ್ಟರ್ಡ್ ಅಥವಾ ಕ್ರೀಮ್ ಚೀಸ್ ಹಚ್ಚಿದ ಕೇಕಿಗೆ ಮಾತ್ರ ಫ್ರಿಜ್ಜು ಅನಿವಾರ್ಯ. ಅಲ್ಲಿ ಮೃದುತ್ವಕ್ಕಿಂತ ಕೆಡದಿರುವುದು ಮುಖ್ಯ.

ಫ್ರೀಜರಿನ ಗೆಲುವು ಸುತ್ತುವ ಕ್ರಮವನ್ನು ಅವಲಂಬಿಸಿದೆ. ಕೇಕಿನ ನಡುಭಾಗವೂ ಪೂರ್ತಿ ಆರಿದ ಮೇಲೆ, ಐಸಿಂಗ್ ಹಚ್ಚದೆ, ಪ್ರತಿ ಪದರವನ್ನೂ ಬೇರೆಬೇರೆಯಾಗಿ ಕ್ಲಿಂಗ್ ಫಿಲ್ಮಿನಲ್ಲಿ ಎರಡು ಸುತ್ತು ಬಿಗಿಯಾಗಿ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಬೇಕು. ಬಿಸಿ ಉಳಿದಿದ್ದರೆ ಆವಿಯೆಲ್ಲ ಒಳಗೇ ಮಂಜುಗಡ್ಡೆಯಾಗಿ, ಕರಗಿದಾಗ ಕೇಕಿನ ಮೈಯನ್ನು ಅಂಟಂಟಾಗಿಸುತ್ತದೆ. ಹೀಗಿಟ್ಟರೆ ಎರಡು ಮೂರು ತಿಂಗಳವರೆಗೂ ರುಚಿ ಕುಂದುವುದಿಲ್ಲ. ಹೊರತೆಗೆದಾಗಲೂ ಸುತ್ತಿದ್ದನ್ನು ಬಿಚ್ಚಲು ಅವಸರಪಡಬಾರದು: ಸ್ವಲ್ಪ ಹೊತ್ತಿನಲ್ಲಿ ಫಾಯಿಲಿನ ಹೊರಮೈಯಲ್ಲಿ ಸಣ್ಣ ಸಣ್ಣ ನೀರ ಹನಿಗಳು ಮೂಡಿ ಒಂದಕ್ಕೊಂದು ಕೂಡಿಕೊಂಡು ಕೆಳಗಿಳಿಯುವುದು ಕಾಣುತ್ತದೆ, ಮೊದಲೇ ಬಿಚ್ಚಿದ್ದರೆ ಆ ಹನಿಗಳೆಲ್ಲ ಕೇಕಿನ ಮೇಲೆಯೇ ಕೂರುತ್ತಿದ್ದವು. ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿಯೇ ಇರಲಿಲ್ಲ. ಅರೆಬರೆ ಗಟ್ಟಿಯಾಗಿರುವಾಗಲೇ ಅಡ್ಡಲಾಗಿ ಸೀಳಿದರೆ ಅಂಚು ಮುರಿಯುವುದಿಲ್ಲ, ಬೆಣ್ಣೆ ಕ್ರೀಮ್ ಸವರುವಾಗ ಚೂರುಗಳು ಎದ್ದು ಚಾಕುವಿಗೆ ಮೆತ್ತಿಕೊಳ್ಳುವುದೂ ಇಲ್ಲ. ಆ ಕ್ರೀಮನ್ನೂ ಮೊದಲೇ ಮಾಡಿ ಬೇರೆ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಬಹುದು. ಕರಗಿದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕಡೆದರೆ ಹಿಂದಿನ ಹದಕ್ಕೇ ಬರುತ್ತದೆ.

ಹಸಿ ಹಿಟ್ಟನ್ನು ಫ್ರೀಜರಿನಲ್ಲಿಡುವುದನ್ನು ನಾನು ಯಾರಿಗೂ ಸೂಚಿಸಲಾರೆ. ಬೇಕಿಂಗ್ ಪೌಡರ್ ಒದ್ದೆಯಾದೊಡನೆಯೇ ಅನಿಲ ಬಿಡತೊಡಗುತ್ತದೆ, ಕಡೆದು ತುಂಬಿದ ಗಾಳಿಯೂ ಹಿಟ್ಟು ಕರಗುವ ಹೊತ್ತಿಗೆ ಸೋರಿಹೋಗುತ್ತದೆ; ಹಾಗಾಗಿ ಕೇಕು ತಗ್ಗಾಗಿ, ಒತ್ತೊತ್ತಾಗಿ ಬೆಂದಿತು. ಅಲ್ಲದೆ ಓವನ್ನಿನ ಕೆಲಸ ಹಬ್ಬದ ದಿನಕ್ಕೇ ಉಳಿಯುವುದರಿಂದ ಉಳಿತಾಯವೂ ಅಷ್ಟಕ್ಕಷ್ಟೆ.

ಒಣಹಣ್ಣುಗಳನ್ನು ರಮ್ ಅಥವಾ ಬ್ರಾಂಡಿಯಲ್ಲಿ ನೆನೆಸಿ ಮಾಡುವ ಫ್ರೂಟ್ ಕೇಕಿನ ಲೆಕ್ಕವೇ ಬೇರೆ. ಸಕ್ಕರೆ ಮತ್ತು ಮದ್ಯ ಎರಡೂ ಸೇರಿ ಅದನ್ನು ಕೆಡದಂತೆ ಕಾಯುವುದರಿಂದ, ಬೆಣ್ಣೆ ಕಾಗದದಲ್ಲಿ ಸುತ್ತಿ ತಂಪಾದ, ಕತ್ತಲೆಯ ಜಾಗದಲ್ಲಿ ಡಬ್ಬಿಯಲ್ಲಿಟ್ಟು, ವಾರಕ್ಕೊಮ್ಮೆ ಒಂದೆರಡು ಚಮಚ ಮದ್ಯ ಚಿಮುಕಿಸುತ್ತಿದ್ದರೆ, ತಿಂಗಳಾದ ಮೇಲೆ ಅದರ ಸ್ವಾದ ಹೊಸದಾಗಿ ಬೇಯಿಸಿದ್ದಕ್ಕಿಂತ ಆಳವಾಗಿರುತ್ತದೆ. ಆ ಒಂದು ಕೇಕಿಗೆ ಮಾತ್ರ ನಾನು ಫ್ರೀಜರಿನಲ್ಲಿ ಜಾಗ ಮಾಡುವುದಿಲ್ಲ.