ಸ್ಟಾರ್ಟ್-ಸ್ಟಾಪ್ ಇರುವ ಕಾರಿಗೆ ಸಾಧಾರಣ ಬ್ಯಾಟರಿ ಹಾಕಿಸಬೇಡಿ

ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ತಾನಾಗಿಯೇ ಆಫ್ ಆಗಿ, ಕ್ಲಚ್ ಒತ್ತಿದರೆ ಅಥವಾ ಬ್ರೇಕ್ ಬಿಟ್ಟರೆ ಮತ್ತೆ ಆನ್ ಆಗುವ ಪೆಟ್ರೋಲ್ ಕಾರು ನಿಮ್ಮಲ್ಲಿದ್ದರೆ, ಅದರ ಬ್ಯಾಟರಿ ಬದಲಾಯಿಸುವ ಮುನ್ನ ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಒಂದು ಬ್ಯಾಟರಿ ಅಂಗಡಿಯವರು ನಮ್ಮ ಕಾರಿಗೆ ಹೊಂದದ ಬ್ಯಾಟರಿಯನ್ನು ಕೂರಿಸಿ ಕಳುಹಿಸಿದರು. ಅದರ ಫಲವನ್ನು ನಾವು ಹೆಬ್ಬಾಳದ ಮೇಲ್ಸೇತುವೆಯ ಮೇಲೆ, ಸಂಜೆಯ ಮಳೆಯಲ್ಲಿ, ವಯಸ್ಸಾದ ಅತ್ತೆಯವರು ಹಿಂದಿನ ಸೀಟಿನಲ್ಲಿದ್ದಾಗ ಅನುಭವಿಸಬೇಕಾಯಿತು.

ಕಾರಿನೊಂದಿಗೆ ಬಂದಿದ್ದ ಬ್ಯಾಟರಿ ಕೆಲವು ವರ್ಷ ಚೆನ್ನಾಗಿಯೇ ಬಾಳಿಕೆ ಬಂತು. ಆಮೇಲೆ ಸಿಗ್ನಲ್‌ಗಳಲ್ಲಿ ಇಂಜಿನ್ ಆಫ್ ಆಗುವುದು ನಿಂತುಹೋಯಿತು. ಬ್ಯಾಟರಿ ದುರ್ಬಲವಾಗುತ್ತಿರುವುದಕ್ಕೆ ಇದು ಸಾಮಾನ್ಯವಾಗಿ ಮೊದಲ ಸೂಚನೆ. ಮತ್ತೆ ಸ್ಟಾರ್ಟ್ ಮಾಡುವಷ್ಟು ಶಕ್ತಿ ಉಳಿದಿಲ್ಲವೆಂದು ಕಾರಿಗೆ ಅನ್ನಿಸಿದರೆ ಅದು ಇಂಜಿನ್ ಅನ್ನು ನಿಲ್ಲಿಸುವುದೇ ಇಲ್ಲ. ಅಂಗಡಿಯಲ್ಲಿ ಇದನ್ನೆಲ್ಲ ವಿವರಿಸಿ, ಸ್ಟಾರ್ಟ್-ಸ್ಟಾಪ್ ಇರುವ ಕಾರೆಂದು ಸ್ಪಷ್ಟವಾಗಿ ಹೇಳಿಯೇ ಬ್ಯಾಟರಿ ಕೇಳಿದೆವು. “ಅದೇ ಸೈಜು, ಅದೇ ಆಂಪಿಯರ್ ಸಾರ್, ಏನೂ ವ್ಯತ್ಯಾಸ ಇಲ್ಲ” ಎಂಬ ಭರವಸೆ ಸಿಕ್ಕಿತು. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಇಟ್ಟುಕೊಂಡರು. ಯಾವ ಬಗೆಯ ಬ್ಯಾಟರಿ ಬೇಕೆಂದು ತಿಳಿಸುವ ಲೇಬಲ್ ಇದ್ದದ್ದು ಅದರ ಮೇಲೆಯೇ, ಹಾಗಾಗಿ ಆಧಾರವೂ ಅದರೊಂದಿಗೇ ಹೋಯಿತು.

ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಈ ಅವಧಿಯೇ ಜನರನ್ನು ನಂಬಿಸಿಬಿಡುತ್ತದೆ. ಹೆಬ್ಬಾಳದಲ್ಲಿ ಆ ಸಂಜೆ ವಾಹನಗಳು ಒಂದೊಂದು ಕಾರಿನಷ್ಟು ಉದ್ದ ಮುಂದೆ ಸರಿದು ಮತ್ತೆ ನಿಲ್ಲುತ್ತಿದ್ದವು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವೂ ಓಡುತ್ತಿದ್ದವು. ಇಂಜಿನ್ ಎಂದಿನಂತೆ ಆಫ್ ಆಯಿತು. ಕ್ಲಚ್ ಒತ್ತಿದಾಗ ಸ್ಟಾರ್ಟರ್ ಅರ್ಧ ಸುತ್ತು ನರಳಿ ನಿಂತಿತು, ಡ್ಯಾಶ್‌ಬೋರ್ಡ್ ಮಂಕಾಗಿ ಸ್ಟಿಯರಿಂಗ್ ದೀಪ ಹತ್ತಿಕೊಂಡಿತು, ವೈಪರ್ ಗಾಜಿನ ಮಧ್ಯದಲ್ಲೇ ನಿಂತುಹೋಯಿತು. ಕೀ ತಿರುಗಿಸಿದಾಗಲೆಲ್ಲ ಬಾನೆಟ್ ಒಳಗಿನಿಂದ ಕಟಕಟ ಸದ್ದು ಮಾತ್ರ. ಹಿಂದೆ ಬಿ.ಎಂ.ಟಿ.ಸಿ. ಬಸ್ಸು, ಅದರ ಹಿಂದೆ ಕಣ್ಣು ಹಾಯುವವರೆಗೂ ದೀಪಗಳು. ಪವರ್ ಇಲ್ಲದ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಗಿತ್ತು. ಇಬ್ಬರು ಬೈಕ್ ಸವಾರರು ಇಳಿದು ಬಂದು ಕೈಜೋಡಿಸದಿದ್ದರೆ ಕಾರನ್ನು ಅಂಚಿಗೆ ತಳ್ಳುವುದು ಆಗುತ್ತಿರಲಿಲ್ಲ.

ವ್ಯತ್ಯಾಸ ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸಾಧಾರಣ ಸೀಸ-ಆಮ್ಲ ಬ್ಯಾಟರಿಯ ಕೆಲಸ ಇಂಜಿನ್ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಜೋರಾಗಿ ಕರೆಂಟ್ ಕೊಟ್ಟು, ತಕ್ಷಣ ಆಲ್ಟರ್ನೇಟರ್‌ನಿಂದ (ಇಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಯಂತ್ರ) ಮತ್ತೆ ತುಂಬಿಕೊಳ್ಳುವುದು. ಸ್ಟಾರ್ಟ್-ಸ್ಟಾಪ್ ಕಾರಿನಲ್ಲಿ ಇಂಜಿನ್ ನಿಂತಿರುವಷ್ಟು ಹೊತ್ತೂ ದೀಪ, ಫ್ಯಾನ್, ಮ್ಯೂಸಿಕ್ ಸಿಸ್ಟಂ ಎಲ್ಲದರ ಹೊರೆಯನ್ನೂ ಬ್ಯಾಟರಿಯೇ ಹೊರುತ್ತದೆ. ಅದೂ ಸಾಲದೆ, ಇಂತಹ ಅನೇಕ ಕಾರುಗಳು ಬ್ರೇಕ್ ಹಾಕುವಾಗ ಸಿಗುವ ಶಕ್ತಿಯನ್ನು ತುಂಬಿಕೊಳ್ಳಲು ಜಾಗವಿರಲೆಂದು ಬ್ಯಾಟರಿಯನ್ನು ಬೇಕೆಂತಲೇ ಪೂರ್ತಿ ಚಾರ್ಜ್ ಮಾಡುವುದಿಲ್ಲ. ಸಾಧಾರಣ ಬ್ಯಾಟರಿ ಹೀಗೆ ಸದಾ ಅರೆಹೊಟ್ಟೆಯಲ್ಲಿದ್ದರೆ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಪ್ಲೇಟಿನ ಸಕ್ರಿಯ ವಸ್ತು ಉದುರತೊಡಗುತ್ತದೆ. ಟಿನ್ ಫ್ಯಾಕ್ಟರಿ, ಸಿಲ್ಕ್ ಬೋರ್ಡ್, ಮಾರತ್‌ಹಳ್ಳಿಯ ದಟ್ಟಣೆಯಲ್ಲಿ ಕಾರು ಹತ್ತು ಮೀಟರ್ ಹೋಗಿ ಮತ್ತೆ ನಿಂತರೆ, ಒಂದು ಸ್ಟಾರ್ಟ್‌ಗೆ ಖರ್ಚಾದದ್ದು ತುಂಬುವ ಮೊದಲೇ ಇನ್ನೊಂದಕ್ಕೆ ಕೈಯೊಡ್ಡಬೇಕಾಗುತ್ತದೆ.

ಈ ಕಾರಣದಿಂದಲೇ ಇಂತಹ ಕಾರುಗಳಿಗೆ ಇ.ಎಫ್.ಬಿ. ಅಥವಾ ಎ.ಜಿ.ಎಂ. ಎಂಬ ಬಗೆಯ ಬ್ಯಾಟರಿಗಳನ್ನು ಹಾಕಿರುತ್ತಾರೆ. ಇ.ಎಫ್.ಬಿ.ಯಲ್ಲಿ ಪ್ಲೇಟುಗಳ ವಸ್ತು ಉದುರದಂತೆ ಹಿಡಿದಿಡುವ ವ್ಯವಸ್ಥೆ ಇರುತ್ತದೆ, ಎ.ಜಿ.ಎಂ.ನಲ್ಲಿ ಆಮ್ಲವನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ. ಎರಡೂ ಸಾಧಾರಣ ಬ್ಯಾಟರಿಗಿಂತ ದುಬಾರಿ, ಎ.ಜಿ.ಎಂ. ಇನ್ನೂ ದುಬಾರಿ. ಹೊರಗಿನಿಂದ ನೋಡಿದರೆ ಪೆಟ್ಟಿಗೆ ಒಂದೇ ತರಹ ಕಾಣುತ್ತದೆ, ಬ್ರಾಕೆಟ್‌ನಲ್ಲಿ ಸರಿಯಾಗಿ ಕೂರುತ್ತದೆ, ಟರ್ಮಿನಲ್‌ಗಳೂ ಹೊಂದುತ್ತವೆ. ಆದ್ದರಿಂದ ಸೈಜು ಒಂದೇ ಎನ್ನುವ ಮಾತಿಗೆ ಯಾವ ಬೆಲೆಯೂ ಇಲ್ಲ. ಲೇಬಲ್ ಮೇಲೆ ಇ.ಎಫ್.ಬಿ., ಎ.ಜಿ.ಎಂ. ಅಥವಾ ಸ್ಟಾರ್ಟ್-ಸ್ಟಾಪ್ ಎಂದು ಅಚ್ಚಾಗಿದೆಯೇ ನೋಡಿ. ಜಪಾನಿ ಅಳತೆಯ ಬ್ಯಾಟರಿಗಳಲ್ಲಿ ಎನ್-55, ಕ್ಯೂ-85ರಂತಹ ಗುರುತುಗಳು ಸ್ಟಾರ್ಟ್-ಸ್ಟಾಪ್ ಬಗೆಯವು. ಇ.ಎಫ್.ಬಿ. ಇದ್ದ ಕಡೆ ಅದನ್ನೇ ಹಾಕಿಸಿ, ಎ.ಜಿ.ಎಂ. ಇದ್ದ ಕಡೆ ಅದಕ್ಕಿಂತ ಕೆಳಗಿಳಿಯಬೇಡಿ.

ಮರುದಿನ ಅಂಗಡಿಗೆ ಹೋದಾಗ ವಾರಂಟಿ ಸಿಗಲಿಲ್ಲ. ಈ ಮಾಡೆಲ್ ಸ್ಟಾರ್ಟ್-ಸ್ಟಾಪ್ ಕಾರುಗಳಿಗೆ ಅಲ್ಲವೆಂದು ಆಗ ಹೇಳಿದರು! ಬಿಲ್‌ನಲ್ಲಿ ನಮ್ಮ ಕಾರಿನ ಹೆಸರಾಗಲಿ ನೋಂದಣಿ ಸಂಖ್ಯೆಯಾಗಲಿ ಬರೆದಿರಲಿಲ್ಲ, ಯಾವ ಕಾರಿಗೆ ಅದನ್ನು ಕೊಟ್ಟರೆಂದು ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ. ಆಮೇಲೆ ಅವರು ಸೂಚಿಸಿದ ಪರಿಹಾರ ಇನ್ನೂ ಕೆಟ್ಟದ್ದು: “ನೆಗೆಟಿವ್ ಟರ್ಮಿನಲ್ ಮೇಲಿನ ಸೆನ್ಸರ್ ಕನೆಕ್ಟರ್ ಕಿತ್ತುಬಿಡಿ, ಇಂಜಿನ್ ಆಫೇ ಆಗಲ್ಲ.” ಆ ಪುಟ್ಟ ಸೆನ್ಸರ್ ಬ್ಯಾಟರಿಯೊಳಕ್ಕೆ ಹೋಗುವ, ಹೊರಕ್ಕೆ ಬರುವ ಕರೆಂಟನ್ನು ಅಳೆಯುತ್ತದೆ. ಎಷ್ಟು ಚಾರ್ಜ್ ಮಾಡಬೇಕೆಂದು ಕಾರು ತೀರ್ಮಾನಿಸುವುದು ಅದರ ಲೆಕ್ಕದ ಮೇಲೆ. ಸ್ಟಾರ್ಟ್-ಸ್ಟಾಪ್ ಬೇಡವೆನಿಸಿದಾಗ ಡ್ಯಾಶ್‌ಬೋರ್ಡಿನ ಬಟನ್ ಒತ್ತಿದರೆ ಸಾಕು. ಹೆಚ್ಚಿನ ಕಾರುಗಳಲ್ಲಿ ಪ್ರತಿ ಸಲ ಗಾಡಿ ಆನ್ ಮಾಡಿದಾಗಲೂ ಅದನ್ನು ಮತ್ತೆ ಒತ್ತಬೇಕು ಎನ್ನುವುದು ಕಿರಿಕಿರಿಯೇ, ಆದರೂ ವೈರು ಕೀಳುವುದಕ್ಕಿಂತ ಮೇಲು. ಉದ್ದನೆಯ ಸಿಗ್ನಲ್‌ನಲ್ಲಿ ಈ ವ್ಯವಸ್ಥೆ ನಿಜವಾಗಿಯೂ ಪೆಟ್ರೋಲ್ ಉಳಿಸುತ್ತದೆ, ನಾನು ಅದರ ವಿರೋಧಿಯಲ್ಲ. ತೆವಳುವ ಟ್ರಾಫಿಕ್‌ನಲ್ಲಿ ಮಾತ್ರ ಆಫ್ ಮಾಡಿಡುತ್ತೇನೆ.

ಹೊಸ ಬ್ಯಾಟರಿ ಕೂರಿಸುವಾಗ ಪಕ್ಕದಲ್ಲೇ ನಿಂತು ನೋಡಿ. ನಮ್ಮ ಕಾರಿನ ನೆಗೆಟಿವ್ ಕ್ಲ್ಯಾಂಪ್ ಬಿಗಿಯಾಗಿದ್ದಾಗ ಅಂಗಡಿಯ ಹುಡುಗ ಸ್ಪ್ಯಾನರ್‌ನ ಹಿಂಬದಿಯಿಂದ ಅದನ್ನು ಕುಟ್ಟಿ ಇಳಿಸಿದ್ದ. ಸೆನ್ಸರ್‌ನ ಕಪ್ಪು ಪ್ಲಾಸ್ಟಿಕ್ ಮೇಲೆ ಆ ಗಾಯ ಈಗಲೂ ಇದೆ. ನಟ್ ಪೂರ್ತಿ ಸಡಿಲಿಸಿ, ಕ್ಲ್ಯಾಂಪನ್ನು ಅಗಲಿಸಿ ಕೈಯಿಂದಲೇ ಎತ್ತಬೇಕು. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಹಚ್ಚಿ ಬ್ಯಾಟರಿ ಬದಲಾಗಿದೆಯೆಂದು ದಾಖಲಿಸಬೇಕು, ಇಲ್ಲವಾದರೆ ಕಾರು ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತಿರುತ್ತದೆ. ಇನ್ನು ಕೆಲವು ಕಾರುಗಳನ್ನು ಲಾಕ್ ಮಾಡಿ ಕೆಲವು ಗಂಟೆ ಬಿಟ್ಟರೆ ಸೆನ್ಸರ್ ತಾನೇ ಕಲಿತುಕೊಳ್ಳುತ್ತದೆ. ನಿಮ್ಮ ಕಾರಿಗೆ ಯಾವುದು ಅನ್ವಯಿಸುತ್ತದೆಂದು ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಹಳೆಯ ಬ್ಯಾಟರಿ ಕೈಬಿಡುವ ಮುನ್ನ ಅದರ ಲೇಬಲ್‌ನ ಫೋಟೋ ತೆಗೆದುಕೊಳ್ಳಿ. ಬಿಲ್‌ನಲ್ಲಿ ಕಾರಿನ ಮಾಡೆಲ್, ನೋಂದಣಿ ಸಂಖ್ಯೆ, ಬ್ಯಾಟರಿಯ ಬಗೆ ಮೂರನ್ನೂ ಬರೆಸಿ. ಬರೆಯಲು ಹಿಂದೇಟು ಹಾಕಿದರೆ ಬೇರೆ ಅಂಗಡಿ ನೋಡಿ.

ಬ್ಯಾಟರಿಯಲ್ಲಿ ಚಾರ್ಜ್ ಎಷ್ಟಿದೆಯೆಂದು ತಿಳಿಯಲು ವೋಲ್ಟ್ ಅಳೆಯುವ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಚಾರ್ಜ್ ಚೆನ್ನಾಗಿದೆ, 12.2ಕ್ಕಿಂತ ಕೆಳಗಿದ್ದರೆ ಪರೀಕ್ಷೆ ಮಾಡಿಸದೆ ದೂರ ಹೋಗಬೇಡಿ. ದಾರಿಯಲ್ಲಿ ಜಂಪ್ ಸ್ಟಾರ್ಟ್ ಮಾಡಬೇಕಾಗಿ ಬಂದರೆ, ಅಂದರೆ ಇನ್ನೊಂದು ಕಾರಿನ ಬ್ಯಾಟರಿಗೆ ಕೇಬಲ್ ಜೋಡಿಸಿ ಸ್ಟಾರ್ಟ್ ಮಾಡಬೇಕಾದರೆ, ನಿಮ್ಮ ಕಾರಿನ ಕಡೆಯ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹಾಕಿಸಬೇಡಿ, ಇಂಜಿನ್‌ನ ಅಥವಾ ಬಾಡಿಯ ಬಣ್ಣವಿಲ್ಲದ ಲೋಹದ ಭಾಗಕ್ಕೆ ಹಾಕಿಸಿ. ಕಂಬಕ್ಕೆ ಹಾಕಿದರೆ ಆ ಕರೆಂಟ್ ಸೆನ್ಸರ್‌ನ ಲೆಕ್ಕಕ್ಕೆ ಸಿಗದೆ ಹೋಗುತ್ತದೆ, ಬ್ಯಾಟರಿಯ ಬಳಿ ಕಿಡಿ ಹಾರುವ ಅಪಾಯವೂ ಇರುತ್ತದೆ.