ಲೋವರಿಂಗ್ ಸ್ಪ್ರಿಂಗ್ ಹಾಕಿಸುವ ಆಸೆ ಇದ್ದರೆ ಮೊದಲು ನನ್ನ ಕತೆ ಓದಿ

ಲೋವರಿಂಗ್ ಸ್ಪ್ರಿಂಗ್ ಅಂದರೆ ಕಾರನ್ನು ತಗ್ಗಿಸಲು ಹಾಕುವ ಗಿಡ್ಡ ಸ್ಪ್ರಿಂಗ್. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಮುಕ್ಕಾಲು ಪಾಲು ತಪ್ಪು ನನ್ನದೇ. ಉಳಿದ ಕಾಲು ಪಾಲು ಸ್ಪ್ರಿಂಗ್ ಮಾರಿದವರದು ಮತ್ತು ಅದನ್ನು ಕೂರಿಸಿದವರದು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬೆಂಗಳೂರಿನಲ್ಲಿ ಅಂಥ ಶೆಡ್ಡುಗಳು ಒಂದಲ್ಲ ಎರಡಲ್ಲ. ಒಂದರ ಹೆಸರು ಹೇಳಿದರೆ ನೀವು ಅದರ ಪಕ್ಕದ್ದಕ್ಕೆ ಹೋಗುತ್ತೀರಿ, ಅಷ್ಟೇ.

ನನ್ನದು 2015ರ ಡೀಸೆಲ್ ಫೋಕ್ಸ್‌ವ್ಯಾಗನ್ ಪೋಲೋ ಕಾರು, ಸೆಕೆಂಡ್ ಹ್ಯಾಂಡ್. ಓಡಿಸುವಾಗ ಒಂದು ದೂರೂ ಇರಲಿಲ್ಲ. ನೋಡುವಾಗ ಮಾತ್ರ ಒಂದು ಕೊರಗು. ಟೈರಿಗೂ ಫೆಂಡರಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ಹೋಗುತ್ತಿತ್ತು. ಯುರೋಪಿನ ಪೋಲೋ ಫೋಟೋಗಳಲ್ಲಿ ಅಷ್ಟು ಗ್ಯಾಪ್ ಕಾಣುವುದಿಲ್ಲ. ನಮ್ಮ ರಸ್ತೆ ನೋಡಿಯೇ ಇಲ್ಲಿನ ಕಾರನ್ನು ಎತ್ತರಿಸಿ ಕೊಟ್ಟಿದ್ದರು. ಯಾಕೆ ಎತ್ತರಿಸಿದರು ಎಂದು ಯೋಚಿಸುವುದು ಬಿಟ್ಟು, ಹೇಗೆ ಇಳಿಸುವುದು ಎಂದು ಯೋಚಿಸಿದೆ.

ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದೆ. ಅಲ್ಲಿ ಹೊಂದಲಿಲ್ಲ. ಕೊನೆಗೆ ಪರಿಚಯದವರ ಪರಿಚಯದವರ ಕಡೆಯಿಂದ ಒಂದು ಸೆಟ್ ಬಂತು. ನಾಲ್ಕು ಸ್ಪ್ರಿಂಗಿಗೆ 13,000 ರೂಪಾಯಿ. ಡಬ್ಬಿಯ ಮೇಲೆ ಎಲ್ಲೋ ಕೇಳಿದ ಹಾಗಿರುವ ಒಂದು ಫಾರಿನ್ ಹೆಸರು. ಸ್ಪ್ರಿಂಗಿನ ಮೇಲೆ ಮಾತ್ರ ನಂಬರೂ ಇಲ್ಲ, ಗುರುತೂ ಇಲ್ಲ, ಬರೀ ಕೆಂಪು ಬಣ್ಣ. "ಪೋಲೋಗೇ ಅಂತ ಮಾಡಿದ್ದು ಸಾರ್, ಕರೆಕ್ಟಾಗಿ 35 ಮಿಲಿಮೀಟರ್ ಇಳಿಯುತ್ತೆ" ಎಂದರು. ಪೋಲೋಗೆ ಸರಿ, ಯಾವ ಪೋಲೋಗೆ ಎಂದು ನಾನು ಕೇಳಲಿಲ್ಲ. ಈ ಇಡೀ ಬರಹ ಆ ಕೇಳದ ಪ್ರಶ್ನೆಯ ಬಗ್ಗೆ ಅಂದುಕೊಳ್ಳಿ.

ಕೂರಿಸಲು ಮೂರು ಗಂಟೆ ಹಿಡಿಯಿತು. ನನ್ನ ಶಾಕ್‌ಗಳು (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಆಗಲೇ 70,000 ಕಿಲೋಮೀಟರ್ ಓಡಿದ್ದವು. ಬದಲಿಸಬೇಕಾ ಎಂದು ಕೇಳಿದೆ. "ಶಾಕ್ ಚೆನ್ನಾಗಿದೆ ಸಾರ್, ಸ್ಪ್ರಿಂಗ್ ಮಾತ್ರ ಬದಲಿಸಿದರೆ ಸಾಕು" ಎಂದರು. ಈ ಮಾತು ಯಾರ ಬಾಯಲ್ಲಿ ಬಂದರೂ ಕಾರಿನ ಕೀ ವಾಪಸ್ ಇಸ್ಕೊಂಡು ಹೊರಟುಬಿಡಿ. ಇನ್ನೊಂದನ್ನೂ ಕಣ್ಣಾರೆ ನೋಡಿದೆ, ಆಗ ಅರ್ಥವಾಗಲಿಲ್ಲ. ಕಾರು ಲಿಫ್ಟ್ ಮೇಲೆ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಚಕ್ರವನ್ನು ಕಾರಿನ ಅಡಿಗೆ ಹಿಡಿದಿಡುವ ಲೋವರ್ ಆರ್ಮಿನ ಬೋಲ್ಟುಗಳನ್ನು ಗನ್ನಿನಿಂದ ಗರ್ ಎಂದು ಬಿಗಿದುಬಿಟ್ಟರು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಕೆಳಗಿಳಿಸಿದಾಗ ಗಾಡಿ ಸೂಪರ್ ಕಾಣಿಸಿತು. ಸುಳ್ಳು ಹೇಳಬಾರದು, ಒಂದು ವಾರ ಪಾರ್ಕಿಂಗ್ ಮಾಡಿ ತಿರುಗಿ ತಿರುಗಿ ನೋಡಿದ್ದೇನೆ. ಹಾಸನದಿಂದ ಬಂದ ಅಮ್ಮ ಮಾತ್ರ, "ಯಾಕೋ ಇದು ಕುಕ್ಕರುಗಾಲಲ್ಲಿ ಕೂತ ಹಾಗಿದೆ" ಎಂದರು. ಟೇಪ್ ಹಿಡಿದು ಅಳೆದೆ. ಹಿಂದೆ 30 ಮಿಲಿಮೀಟರ್ ಇಳಿದಿತ್ತು. ಮುಂದೆ 55! ಫೋನ್ ಮಾಡಿದರೆ "ಸೆಟ್ ಆಗುತ್ತೆ ಸಾರ್" ಎಂದರು. ಇಳಿದ ಸ್ಪ್ರಿಂಗ್ ಸೆಟ್ ಆಗುವುದು ಅಂದರೆ ಇನ್ನೂ ಇಳಿಯುವುದು ಎಂದು ನನಗೆ ಹೊಳೆಯಲಿಲ್ಲ.

ಕಾರಣ ಬಹಳ ಸರಳ. ಆ ಕಾಲದ ಮಾಮೂಲಿ ಪೆಟ್ರೋಲ್ ಪೋಲೋದಲ್ಲಿ ಇದ್ದದ್ದು ಮೂರು ಸಿಲಿಂಡರಿನ 1.2 ಲೀಟರ್ ಎಂಜಿನ್. ನನ್ನದರಲ್ಲಿ ನಾಲ್ಕು ಸಿಲಿಂಡರಿನ 1.5 ಲೀಟರ್ ಡೀಸೆಲ್. ಮೂತಿಯ ತೂಕವೇ ಬೇರೆ. ಅದಕ್ಕೇ ಫ್ಯಾಕ್ಟರಿಯಲ್ಲಿ ಒಂದೇ ಮಾಡೆಲ್ಲಿಗೂ ಎಂಜಿನ್ ನೋಡಿ ಬೇರೆ ಬೇರೆ ಸ್ಪ್ರಿಂಗ್ ಹಾಕುತ್ತಾರೆ, ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡುತ್ತಾರೆ. ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ. ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಉಳಿದದ್ದೆಲ್ಲ ಒಂದೇ ಇದ್ದು, ತಂತಿ 12 ಮಿಲಿಮೀಟರಿನಿಂದ 13ಕ್ಕೆ ಹೋದರೆ ಸಾಕು, ಸ್ಪ್ರಿಂಗ್ ಸುಮಾರು 38% ಗಡುಸಾಗುತ್ತದೆ. ಆ ಒಂದು ಮಿಲಿಮೀಟರನ್ನು ಅಂಗಡಿಯ ಬೆಳಕಲ್ಲಿ ಯಾರು ಕಂಡಾರು? ನನಗೆ ಕೊಟ್ಟಿದ್ದು ಪೆಟ್ರೋಲ್ ಗಾಡಿಯದು.

ಆಮೇಲಿನ ನಾಲ್ಕು ತಿಂಗಳು ಹಂಪ್‌ಗಳ ಕಾಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿಲೋಮೀಟರ್ ವೇಗದಲ್ಲಿ ದಾಟುವ ಹಾಗೆ. ನಮ್ಮ ಲೇಔಟಿನ ಹಂಪ್‌ಗಳನ್ನು ಉಳಿದ ಡಾಂಬರಿನಲ್ಲಿ ರಾತ್ರೋರಾತ್ರಿ ಹಾಕಿದ ಹಾಗಿವೆ. ಪ್ರತಿ ಹಂಪನ್ನೂ ಓರೆಯಾಗಿ, ಏಡಿಯ ಹಾಗೆ ದಾಟುತ್ತಿದ್ದೆ. ಹಿಂದಿನವರ ಹಾರ್ನ್ ಬೇರೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನ ತುದಿಯಲ್ಲಿ ದಿನಕ್ಕೆರಡು ಸಲ ಕರ್ ಎಂಬ ಸದ್ದು. ಮೂರು ಜನ ಕೂತರೆ ಸಣ್ಣ ಗುಂಡಿಗೂ ಬೆನ್ನಿಗೆ ಗುದ್ದು. ಗಡಸು ಸ್ಪ್ರಿಂಗ್ ಅಂದರೆ ಹೀಗೇ ಇರುತ್ತೆ, ಸ್ಪೋರ್ಟಿ ಅಲ್ವಾ ಎಂದು ಮನೆಯವರಿಗೆ ಹೇಳುತ್ತಿದ್ದೆ. ಅಸಲಿಗೆ ಅದು ಸ್ಪ್ರಿಂಗೇ ಅಲ್ಲ. ಮೂತಿ ಎಷ್ಟು ತಗ್ಗಿತ್ತೆಂದರೆ ಶಾಕ್ ಒಳಗೆ ಹೋಗಲು ಜಾಗವೇ ಉಳಿದಿರಲಿಲ್ಲ. ಮಾತೆತ್ತಿದರೆ ಬಂಪ್ ಸ್ಟಾಪಿಗೆ ಬಡಿಯುತ್ತಿತ್ತು. ನಾನು ರಬ್ಬರ್ ಬಿರಡೆಯ ಮೇಲೆ ಗಾಡಿ ಓಡಿಸುತ್ತಿದ್ದೆ.

ಜೊತೆಗೆ ಮುಂದಿನ ಎಡಗಡೆ ಟಕ್ ಎಂಬ ಸದ್ದು. ಹಂಪ್ ಇಳಿದ ಮೇಲೆ ಒಂದೇ ಒಂದು ಸಲ. ಇದನ್ನೂ ಕಡೆಗಣಿಸಿದೆ.

ಜುಲೈ ತಿಂಗಳಲ್ಲಿ ಪುತ್ತೂರಿನಲ್ಲಿ ಒಂದು ಮದುವೆ. ನಾಲ್ಕು ಜನ, ಡಿಕ್ಕಿ ತುಂಬ ಲಗೇಜು. ಸಕಲೇಶಪುರ ದಾಟಿದ ಮೇಲೆ ಮಳೆ ಜೋರಾಯಿತು. ಶಿರಾಡಿಯ ತಿರುವುಗಳಲ್ಲಿ ನನಗೇ ಭಯವಾಗಲು ಶುರುವಾಯಿತು. ತಿರುವಿನ ನಡುವೆ ರಸ್ತೆ ಸ್ವಲ್ಪ ಉಬ್ಬಿದ್ದರೂ ಮೂತಿ ಎಗರಿ ಪಕ್ಕಕ್ಕೆ ಜರುಗುತ್ತಿತ್ತು. ಎದುರಿಗೆ ಸಾಲು ಸಾಲು ಲಾರಿ, ಟ್ಯಾಂಕರ್. ಗುಂಡ್ಯ ಇನ್ನೂ ಸ್ವಲ್ಪ ದೂರ ಇರುವಾಗ ನೀರು ತುಂಬಿದ ಒಂದು ಗುಂಡಿಗೆ ಎಡ ಚಕ್ರ ಬಿತ್ತು. ಢಬ್ ಎಂದಿತು. ಸ್ಟೇರಿಂಗ್ ಎಡಕ್ಕೆ ಎಳೆಯಿತು. ವೇಗ 40ರ ಒಳಗೇ ಇತ್ತು, ಎಡಗಡೆ ಬೆಟ್ಟದ ಬದಿ ಇತ್ತು. ಎರಡರಲ್ಲಿ ಒಂದು ಬೇರೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸಲು ಹೋಗುವುದಿಲ್ಲ.

ಮಳೆಯಲ್ಲಿ ಸ್ಟೆಪ್ನಿ ಹಾಕುವಾಗ ಟೈರ್ ತಿರುಗಿಸಿ ನೋಡಿದೆ. ಹೊರಗಿನ ಅಂಚಿನಲ್ಲಿ ಹೊಸ ಟೈರಿನ ಹಾಗೆ ಗ್ರಿಪ್. ಒಳಗಿನ ಅಂಚಿನಲ್ಲಿ ರಬ್ಬರ್ ಸವೆದು ತಂತಿ ಹೊರಬಂದಿತ್ತು. ಅದು ಹಾಕಿಸಿ 7,000 ಕಿಲೋಮೀಟರ್ ಆಗಿತ್ತು. ದಿನಾ ಪಾರ್ಕಿಂಗಿನಲ್ಲಿ ತಿರುಗಿ ತಿರುಗಿ ನೋಡಿದವನಿಗೆ ಕಂಡಿದ್ದು ಬರೀ ಹೊರಗಿನ ಅಂಚು.

ಉಪ್ಪಿನಂಗಡಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕಿದರು. ಜಾಕ್ ಕೊಟ್ಟು ಚಕ್ರ ಎತ್ತಿದರು. ಒಳಗೆ ಕೈ ಹಾಕಿ ಸ್ಪ್ರಿಂಗ್ ಹಿಡಿದು ತಿರುಗಿಸಿದರು. ಅದು ಕೈಬಳೆಯ ಹಾಗೆ ತಿರುಗಿತು! "ಇದು ಎಂತ ಮಾರಾಯ್ರೆ, ಸ್ಪ್ರಿಂಗ್ ಲೂಸ್ ಉಂಟಲ್ಲ" ಎಂದು ನನ್ನ ಮುಖ ನೋಡಿದರು. ಸ್ಪ್ರಿಂಗ್ ಗಿಡ್ಡ, ಶಾಕ್ ಹಳೆಯ ಉದ್ದದ್ದೇ. ಚಕ್ರ ಪೂರ್ತಿ ನೇತಾಡಿದಾಗ ಶಾಕ್ ಉದ್ದವಾಗುತ್ತದೆ, ಸ್ಪ್ರಿಂಗ್ ಆ ಜಾಗ ತುಂಬುವುದಿಲ್ಲ. ಹಂಪ್ ಇಳಿದಾಗಲೆಲ್ಲ ಅದು ತನ್ನ ಸೀಟಿನಿಂದ ಎದ್ದು ಮತ್ತೆ ಕೂರುತ್ತಿತ್ತು. ಆ ಟಕ್ ಸದ್ದು ಅದೇ. ಒಂದು ದಿನ ಓರೆಯಾಗಿ ಕೂತು ಟೈರಿಗೆ ತಾಗಿದ್ದರೂ ಆಶ್ಚರ್ಯವಿರಲಿಲ್ಲ.

ಅವರೇ ಒಂದೊಂದಾಗಿ ತೋರಿಸಿದರು. ಎರಡೂ ಮುಂದಿನ ಶಾಕ್‌ಗಳಿಂದ ಎಣ್ಣೆ ಸೋರಿತ್ತು. ಲೋವರ್ ಆರ್ಮಿನ ರಬ್ಬರ್ ಬುಷ್‌ಗಳು ಹರಿದಿದ್ದವು. ಆ ಬೋಲ್ಟುಗಳನ್ನು ಕಾರಿನ ತೂಕ ಚಕ್ರದ ಮೇಲೆ ಇರುವಾಗ ಬಿಗಿಯಬೇಕಂತೆ. ನೇತಾಡುವಾಗ ಬಿಗಿದರೆ, ಕಾರು ಕೆಳಗಿಳಿದ ಕ್ಷಣದಿಂದ ಒಳಗಿನ ರಬ್ಬರ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ಟೈರಿನ ಕತೆಯೂ ಹಾಗೇ. ಕಾರು ತಗ್ಗಿದರೆ ಆರ್ಮ್‌ಗಳ ಕೋನ ಬದಲಾಗಿ ಚಕ್ರದ ದಿಕ್ಕೂ ವಾಲೂ ಬದಲಾಗುತ್ತವೆ. ನನ್ನ ಚಕ್ರಗಳು ಪಾದ ಹೊರಕ್ಕೆ ಹಾಕಿ ನಡೆಯುವವರ ಹಾಗೆ ಆಗಿದ್ದವು. ಅಲೈನ್‌ಮೆಂಟ್ ಮಾಡಿಸಿದ್ದೆ, ಆದರೆ ಸ್ಪ್ರಿಂಗ್ ಹಾಕಿದ ದಿನವೇ. ಅದು ಕುಸಿಯುತ್ತಾ ಹೋದ ಹಾಗೆ ಆ ಅಳತೆಗೆ ಬೆಲೆಯೇ ಉಳಿಯಲಿಲ್ಲ. ಸ್ಟೇರಿಂಗ್ ನೇರ ಇದೆ, ಇನ್ನೇನು ಎಂದು ನಾನು ಸುಮ್ಮನಿದ್ದೆ.

ಲೆಕ್ಕ ಕೇಳಿ. ನಾಲ್ಕು ಶಾಕ್, ಟಾಪ್ ಮೌಂಟ್, ಬುಷ್, ಬಂಪ್ ಸ್ಟಾಪ್, ಎರಡು ಟೈರ್, ಕೂಲಿ, ಅಲೈನ್‌ಮೆಂಟ್. ಅದರ ಮೇಲೆ ನಾಲ್ಕು ಒರಿಜಿನಲ್ ಸ್ಪ್ರಿಂಗ್, ಹೊಸದು. ಯಾಕೆಂದರೆ ನನ್ನ ಹಳೆಯವನ್ನು ಶೆಡ್ಡಿನವರು ಗುಜರಿಗೆ ಹಾಕಿಬಿಟ್ಟಿದ್ದರು, ಕೇಳಿ ತೆಗೆದುಕೊಳ್ಳಬೇಕೆಂದು ನನಗೂ ತೋಚಿರಲಿಲ್ಲ. ಎಲ್ಲ ಸೇರಿ 52,400 ರೂಪಾಯಿ. ಇದು ನಾಲ್ಕು ಬೆರಳಿನ ಗ್ಯಾಪನ್ನು ವಾಪಸ್ ತರಲು.

ಕಾನೂನಿನ ಕಡೆ ನಾನು ಆಮೇಲೆ ನೋಡಿದೆ, ನೀವು ಮೊದಲೇ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇರುವುದೇ ಗಾಡಿಯ ಬದಲಾವಣೆ ಬಗ್ಗೆ. ತಯಾರಕರ ಮೂಲ ಅಳತೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇನ್ಶೂರೆನ್ಸಿನವರಿಗೆ ನಾನು ಹೇಳಿರಲೇ ಇಲ್ಲ. ಶಿರಾಡಿಯಲ್ಲಿ ಲಾರಿಗೆ ಗುದ್ದಿದ್ದರೆ ಸರ್ವೇಯರ್ ಆ ಕೆಂಪು ಸ್ಪ್ರಿಂಗುಗಳ ಬಗ್ಗೆ ಕೇಳುವ ಮೊದಲ ಪ್ರಶ್ನೆಗೇ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಜರ್ಮನಿಯಲ್ಲಿ ಎಲ್ಲರೂ ಹಾಕಿಸುತ್ತಾರಲ್ಲ ಎಂದು ನಾನೂ ವಾದ ಮಾಡಿದವನೇ. ಅಲ್ಲಿ ಒಳ್ಳೆಯ ಸ್ಪ್ರಿಂಗಿನ ಜೊತೆ ಒಂದು ಕಾಗದ ಬರುತ್ತದೆ. ಯಾವ ಗಾಡಿಗೆ, ಮುಂದಿನ ಆಕ್ಸಲಿನ ಮೇಲೆ ಎಷ್ಟು ಕಿಲೋ ತೂಕದವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ಕೂರಿಸಿದ ಮೇಲೆ ಟಿಯೂವಿಯಂಥ ಸಂಸ್ಥೆಯಲ್ಲಿ ತಪಾಸಣೆ ಮಾಡಿಸಬೇಕು. ನನ್ನ ಹತ್ತಿರ ಇದ್ದದ್ದು ಡಬ್ಬಿ ಮಾತ್ರ.

ಈಗಾಗಲೇ ಹಾಕಿಸಿಕೊಂಡವರು ಈ ಭಾನುವಾರ ಒಂದು ಕೆಲಸ ಮಾಡಿ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಮುಂದಿನ ಟೈರಿನ ಒಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ತಂತಿ ಎದ್ದಿದ್ದರೆ ಚುಚ್ಚುತ್ತದೆ, ನಿಧಾನಕ್ಕೆ ಸವರಿ. ಆಮೇಲೆ ನಂಬಿಕಸ್ತರ ಹತ್ತಿರ ಚಕ್ರ ಎತ್ತಿಸಿ, ಸ್ಪ್ರಿಂಗ್ ಕೈಗೆ ತಿರುಗುತ್ತದಾ ಎಂದು ನೋಡಿಸಿ. ತಿರುಗಿದರೆ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ಸ್ಪ್ರಿಂಗ್ ನೀವೇ ಬಿಚ್ಚಲು ಮಾತ್ರ ಹೋಗಬೇಡಿ, ಬಿಗಿದ ಸ್ಪ್ರಿಂಗ್ ಚಿಮ್ಮಿದರೆ ಮುಖ ಉಳಿಯುವುದಿಲ್ಲ.

ಆ ನಾಲ್ಕು ಕೆಂಪು ಸ್ಪ್ರಿಂಗ್ ಈಗ ನನ್ನ ಬಾಲ್ಕನಿಯಲ್ಲಿವೆ. ಒಂದರ ಮೇಲೆ ಅಮ್ಮ ದೊಡ್ಡಪತ್ರೆಯ ಕುಂಡ ಇಟ್ಟಿದ್ದಾರೆ. ಹೋದ ವಾರ ಯಾರೋ ಹೇಳಿ ಒಬ್ಬ ಹುಡುಗ ಫೋನ್ ಮಾಡಿದ್ದ, ಪೋಲೋ ಸ್ಪ್ರಿಂಗ್ ಇದೆಯಂತೆ, ಎಷ್ಟಕ್ಕೆ ಕೊಡುತ್ತೀರಿ ಎಂದು. ನಿಂದು ಪೆಟ್ರೋಲಾ ಡೀಸೆಲ್ಲಾ ಎಂದು ಕೇಳಿದೆ.

"ಅದೆಲ್ಲ ಯಾಕೆ ಸಾರ್?" ಎಂದ.